ದೀಪ ಯಾವ ಕಡೆಗಿತ್ತು

ಬೆಳಿಗ್ಗೆ ಅಮ್ಮ ಕೇಳಿದ್ದು ಒಂದೇ ಮಾತು. "ಫ್ರಿಜ್ಜಿನ ಬಾಗಿಲು ತೆರೆದೇ ಇತ್ತಲ್ಲ, ನೀನೇನಾ?" ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆಯೆತ್ತದೆ, "ನಾನಲ್ಲ" ಅಂದಿದ್ದಳು. ಮನೆಯಲ್ಲಿ ಇರುವವರು ಇಬ್ಬರೇ. ಅಮ್ಮ, "ಹಾಗಾದ್ರೆ ನಾನೇ ಇರ್ಬೇಕು. ವಯಸ್ಸಾಯ್ತು ನೋಡು, ಮಾಡಿದ್ದು ನೆನಪಿರಲ್ಲ" ಎಂದು ಹಾಲನ್ನು ಮೂಸಿ ನೋಡಿ ಸಿಂಕಿಗೆ ಸುರಿದಿದ್ದಳು.

ಬಸ್ಸಿನಲ್ಲಿ ಕೂತ ಮೇಲೂ ಆ ಹುಳಿ ವಾಸನೆ ಅವಳ ಮೂಗಿನಲ್ಲೇ ಇತ್ತು. ಬಾಗಿಲು ಹಾಕದೆ ಬಿಟ್ಟವಳು ಅವಳೇ. ನೀರಿನ ಬಾಟಲಿ ತೆಗೆದು, ಮೊಣಕೈಯಿಂದ ಬಾಗಿಲನ್ನು ತಳ್ಳಿ, ಅದು ಕೂತಿತೋ ಇಲ್ಲವೋ ತಿರುಗಿಯೂ ನೋಡದೆ ಹೋಗಿ ಮಲಗಿದ್ದಳು. ಹೌದು ಅಂದಿದ್ದರೆ ಏನಾಗುತ್ತಿತ್ತು? ಅರ್ಧ ಲೀಟರು ಹಾಲು. ಅಮ್ಮ ಎರಡು ಮಾತು ಗೊಣಗಿ ಮರೆಯುತ್ತಿದ್ದಳು. ಆದರೆ 'ನಾನಲ್ಲ' ಅನ್ನುವುದು ಅವಳ ಬಾಯಿಗೆ ಯೋಚನೆಗಿಂತ ಮೊದಲೇ ಬಂದುಬಿಡುತ್ತದೆ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಪೆನ್ಸಿಲು ಹಿಡಿದಳೆಂದು ಮೇಷ್ಟ್ರು ಗದರಿದರೆ, "ನಾನು ಹಿಡೀಲಿಲ್ಲ" ಅಂದಿದ್ದಳಂತೆ, ಪೆನ್ಸಿಲು ಇನ್ನೂ ಎಡಗೈಯಲ್ಲೇ ಇರುವಾಗ. ಅಪ್ಪ ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿ ನಗಿಸುತ್ತಿದ್ದರು. ಎಲ್ಲರೂ ನಗುವಾಗ ಅವಳೂ ನಗುತ್ತಿದ್ದಳು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು. ಈಗ ಮೂವತ್ತೊಂದಾಯಿತು. ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಅಂಗಡಿಗಳ ಮೇಲೆ, ಗೋಡೆಗಳ ಮೇಲೆ ಜಾರಿಕೊಂಡು ಹೋಗುವುದನ್ನು ನೋಡುತ್ತ, ಸಂಜೆ ಹೋಗಿ ಅಮ್ಮನಿಗೆ ಹೇಳಿಬಿಡಬೇಕು ಅಂದುಕೊಂಡಳು. ಹೇಳುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು.

ಹರಾಜು ಕಂಪನಿಯ ಮೂರನೇ ಮಹಡಿಯ ಕೊನೆಯಲ್ಲಿರುವ ಪರೀಕ್ಷೆಯ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ದಪ್ಪ ಪರದೆ. ಮೇಜಿನ ಮೇಲೆ ಕಪ್ಪು ಬಟ್ಟೆಯ ಹಾಸು, ಕೂದಲೆಳೆಯ ತೂಕಕ್ಕೂ ನಡುಗುವ ತಕ್ಕಡಿ, ಭೂತಗನ್ನಡಿ, ಕತ್ತು ಬಗ್ಗಿಸಿದರೆ ಬಗ್ಗುವ ದೀಪ. ಇಲ್ಲಿಗೆ ಬರುವ ಹಳೆಯ ನಾಣ್ಯ ನಿಜವೋ ನಕಲಿಯೋ, ಯಾವ ಅಚ್ಚಿನದು, ಯಾರಾದರೂ ಅದರ ಮೈ ಕೆಡಿಸಿದ್ದಾರೋ ಎಂದು ನೋಡಿ ಚೀಟಿ ಬರೆಯುವುದು ಅವಳ ಕೆಲಸ. ಬರೆದ ಚೀಟಿಗೆ ಎರಡನೇ ಸಹಿ ಹಾಕುವವರು ಹಿರಿಯ ಪರೀಕ್ಷಕರು. ಅವರನ್ನು ಕಂಪನಿಯಲ್ಲೆಲ್ಲ ತಕ್ಕಡಿ ಅನ್ನುತ್ತಾರೆ. ಹೊಸ ಬಿಸ್ಕತ್ತಿನ ಪೊಟ್ಟಣ ತಂದರೆ ಮೊದಲು ತೂಗಿ, "ಎರಡು ಗ್ರಾಂ ಮೋಸ" ಎಂದು ಆಮೇಲೆ ಬಾಯಿಗಿಡುವವರು. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಅವರ ಕುರ್ಚಿಗೆ ಅವಳ ಹೆಸರನ್ನು ಬರೆದ ಕಾಗದ ಆಗಲೇ ಮೇಲಿನವರ ಮೇಜಿಗೆ ಹೋಗಿದೆ.

ಕೆಲಸಕ್ಕೆ ಸೇರಿದ ಮೊದಲ ದಿನ ತಕ್ಕಡಿಯವರು ಅವಳಿಗೆ ಎರಡು ವಿಷಯ ಹೇಳಿದ್ದರು. ಒಂದು, ದೀಪ ಯಾವಾಗಲೂ ಎಡಕ್ಕೆ. "ಮದುವೆಯಾದ್ರೂ ಎಡಕ್ಕೆ, ಮುಪ್ಪಾದ್ರೂ ಎಡಕ್ಕೆ." ಇನ್ನೊಂದು ಕೆಂಪು ಗೆರೆ. ಹಿಂದೆ ಕೊಟ್ಟ ಚೀಟಿ ತಪ್ಪೆಂದು ಗೊತ್ತಾದರೆ ಅದನ್ನು ಹರಿಯುವಂತಿಲ್ಲ. ಬರೆದವರೇ ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆದು, ಪೂರ್ತಿ ಹೆಸರು ಹಾಕಬೇಕು. ಅದರ ಪ್ರತಿ ಕಂಪನಿಯ ಸದಸ್ಯರಿಗೆಲ್ಲ ಹೋಗುತ್ತದೆ. ಮೂವತ್ನಾಲ್ಕು ವರ್ಷದಲ್ಲಿ ತಕ್ಕಡಿಯವರ ಸಹಿ ಇರುವ ಒಂದು ಚೀಟಿಗೂ ಕೆಂಪು ಗೆರೆ ಬಿದ್ದಿಲ್ಲ. ಅವಳದಕ್ಕೂ ಇಲ್ಲ.

ಹನ್ನೊಂದು ಗಂಟೆಗೆ ಮುಂದಿನ ಕೌಂಟರಿನ ಹುಡುಗಿ ತಟ್ಟೆಯೊಂದನ್ನು ತಂದಿಟ್ಟಳು. "ಒಬ್ರು ಅಮ್ಮ ಬಂದಿದಾರೆ ಮೇಡಂ. ಮಾರೋಕಲ್ವಂತೆ, ನೋಡಿ ಹೇಳಿದ್ರೆ ಸಾಕಂತೆ. ಹಳೇ ಚೀಟೀನೂ ಇದೆ, ನಮ್ದೇ."

ತಟ್ಟೆಯಲ್ಲಿ ಕೈಗಡಿಯಾರದ ಡಬ್ಬಿ, ಅದರೊಳಗೆ ಹತ್ತಿಯ ಮೇಲೆ ಒಂದು ಬೆಳ್ಳಿ ನಾಣ್ಯ. ಒಂದು ಕಡೆ ಜಡೆ ಸುತ್ತಿಕೊಂಡ ಹೆಣ್ಣಿನ ತಲೆ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹಕ್ಕಿ, ಅದರ ಕೆಳಗೆ ನೂರೈವತ್ತು ವರ್ಷಕ್ಕೂ ಹಿಂದಿನ ಇಸವಿ. ಹೆಣ್ಣಿನ ಕತ್ತಿನ ಹಿಂದೆ, ಜಡೆ ಮುಗಿಯುವಲ್ಲಿ, ಸಾಸಿವೆಯಷ್ಟು ನೀಲಿ ಕಲೆ. ಚೀಟಿಯನ್ನು ಬಿಡಿಸುವ ಮೊದಲೇ ಅವಳಿಗೆ ಗೊತ್ತಾಯಿತು. ಆದರೂ ಬಿಡಿಸಿದಳು. 'ಪ್ರೂಫ್ ಅಲ್ಲ. ಸಾಧಾರಣ ನಾಣ್ಯ, ಹೊಳಪು ಬರಿಸಲು ಮೈ ಉಜ್ಜಲಾಗಿದೆ.' ಕೆಳಗೆ ಹಿಂದಕ್ಕೆ ವಾಲಿದ ಎರಡು ಅಕ್ಷರ, ಅವಳದೇ ಎಡಗೈ ಸಹಿ. ಪಕ್ಕದಲ್ಲಿ ತಕ್ಕಡಿಯವರ ಗುಂಡನೆಯ ಸಹಿ. ಆರು ವರ್ಷದ ಹಿಂದಿನ ತಾರೀಖು. ಅವಳು ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಆವತ್ತು ಇದನ್ನು ತಂದವರು ಒಬ್ಬ ಗಡಿಯಾರ ರಿಪೇರಿಯವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಾಲಾಗಿ ಮೂರು ಸಣ್ಣ ಸ್ಕ್ರೂಡ್ರೈವರು, ಬಲಗಣ್ಣಿನ ಸುತ್ತ ಜೀವಮಾನವೆಲ್ಲ ಕನ್ನಡಿ ಒತ್ತಿ ಹಿಡಿದ ಗುಂಡನೆಯ ಗುರುತು. ಅವರ ಮುತ್ತಜ್ಜ ಟಂಕಸಾಲೆಯಲ್ಲಿ ಅಚ್ಚು ತಿಕ್ಕುವ ಕೆಲಸದಲ್ಲಿದ್ದರಂತೆ. ಸಂತೆಗೆ ಹೋಗುವ ನಾಣ್ಯಗಳನ್ನು ಸಾವಿರ ಸಾವಿರ ಹೊಡೆದು ರಾಶಿ ಹಾಕುವವರೇ ವರ್ಷಕ್ಕೆ ಹತ್ತೋ ಇಪ್ಪತ್ತೋ ನಾಣ್ಯಗಳನ್ನು ತಮ್ಮ ಕೈಚಳಕ ತೋರಿಸಲೆಂದು ಹೊಡೆಯುತ್ತಿದ್ದರು: ಅಚ್ಚನ್ನು ಕನ್ನಡಿಯಾಗುವ ತನಕ ತಿಕ್ಕಿ, ಬೆಳ್ಳಿ ಬಿಲ್ಲೆಯನ್ನೂ ತಿಕ್ಕಿ, ಒಂದೇ ಬಿಲ್ಲೆಗೆ ಎರಡೆರಡು ಪೆಟ್ಟು ಕೊಟ್ಟು. ಅದೇ ಪ್ರೂಫ್. ಅದರ ಬಯಲಿನಲ್ಲಿ, ಅಂದರೆ ಚಿತ್ರವೂ ಅಕ್ಷರವೂ ಇಲ್ಲದ ಖಾಲಿ ಜಾಗದಲ್ಲಿ, ಮುಖ ನೋಡಿಕೊಳ್ಳಬಹುದು. ಆದರೆ ಸಾಧಾರಣ ನಾಣ್ಯವನ್ನು ಚೆನ್ನಾಗಿ ಉಜ್ಜಿದರೂ ಅಷ್ಟಿಷ್ಟು ಮುಖ ಕಾಣುತ್ತದೆ. ಎರಡಕ್ಕೂ ವ್ಯತ್ಯಾಸ ಆ ಬಯಲಿನಲ್ಲಿರುವ ಕೂದಲಿಗಿಂತ ಸಣ್ಣ ಗೆರೆಗಳಲ್ಲಿ. ಅಚ್ಚನ್ನು ತಿಕ್ಕಿದಾಗ ಅಚ್ಚಿನಲ್ಲಿ ಬಿದ್ದ ಗೀರು ನಾಣ್ಯದ ಮೇಲೆ ಉಬ್ಬಿಕೊಂಡು ಬರುತ್ತದೆ. ನಾಣ್ಯವನ್ನೇ ಉಜ್ಜಿದರೆ ಗೀರು ತಗ್ಗಾಗಿ ಬೀಳುತ್ತದೆ. ಉಬ್ಬಿದ್ದು ಹುಟ್ಟಿನಿಂದ ಬಂದದ್ದು, ತಗ್ಗಿದ್ದು ಯಾರೋ ಮಾಡಿದ್ದು.

ಅವಳಿಗೆ ಆವತ್ತು ತಗ್ಗಾಗಿ ಕಂಡಿತ್ತು. ಗೆರೆಗಳು ಅಕ್ಷರಗಳ ಬುಡಕ್ಕೆ ಬಂದು ನಿಂತುಬಿಟ್ಟಿವೆ, ಅಕ್ಷರದ ಮೇಲೆ ಹತ್ತಿಲ್ಲ ಅನ್ನುವುದೂ ಕಂಡಿತ್ತು. ಉಜ್ಜಿದ ಗೀರಾದರೆ ಅಕ್ಷರದ ಮೇಲೂ ಹತ್ತಬೇಕು, ಬಟ್ಟೆ ಅಲ್ಲಿ ತಾಗಿರಲಿಕ್ಕಿಲ್ಲ ಎಂದು ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆಗ ನಿಯಮ ಇನ್ನೂ ಬಿಗಿಯಾಗಿರಲಿಲ್ಲ, ನಾಣ್ಯ ತಂದವರು ಎದುರಿಗೇ ಕೂರುತ್ತಿದ್ದರು. ಗಡಿಯಾರದವರು ಅವಳ ಕೈಯನ್ನೇ ನೋಡುತ್ತಿದ್ದರು. "ನನ್ನ ಕಣ್ಣಿಗೆ ಹಾಗೆ ಕಾಣಲಿಲ್ಲಮ್ಮ. ನಾನೂ ಕನ್ನಡಿಯಲ್ಲೇ ಬದುಕಿದವನು, ಇನ್ನೊಂದು ಸಲ ನೋಡ್ತೀರಾ?" ಅಂದರು. ಅವಳಿಗೆ ಹೊಸಬಳೆಂದು ತಿಳಿದು ಕೇಳುತ್ತಿದ್ದಾರೆ ಅನ್ನಿಸಿತು. "ಗಡಿಯಾರ ಬೇರೆ, ನಾಣ್ಯ ಬೇರೆ" ಅಂದಳು, ತಲೆಯೆತ್ತದೆ. ಅವರು ತಟ್ಟನೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ಆಮೇಲೆ, ಅವಳಿಗಲ್ಲ, ತಮಗೇ ಎಂಬಂತೆ, "ಆದ್ರೆ ಯಾರು ಉಜ್ಜಿರ್ತಾರೆ? ಮನೇಲಿ ಇರೋದು ನಾನು, ನನ್ನ ತಂಗಿ" ಅಂದರು. ಆ ಮಾತು ಅವಳಿಗೆ ಇಷ್ಟು ವರ್ಷ ನೆನಪಿರಲಿಲ್ಲ. ಈಗ ಡಬ್ಬಿಯ ಹತ್ತಿಯನ್ನು ನೋಡುವಾಗ, ಅವರು ಕೂತಿದ್ದ ಕುರ್ಚಿಯ ಕಿರುಗುಟ್ಟಿದ ಸದ್ದಿನ ಜೊತೆಗೇ ಬಂತು.

ದೀಪ ಎಡಕ್ಕಿತ್ತು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎತ್ತಿದಳು. ಬೆರಳು ಬೆವೆತಿದ್ದರಿಂದ ಕೆಳಗಿಟ್ಟು, ಒರೆಸಿಕೊಂಡು, ಮತ್ತೆ ಎತ್ತಿದಳು. ಅಂಚು ಚೂರಿಯ ಬೆನ್ನಿನ ಹಾಗೆ ಚೌಕವಾಗಿ, ಚೂಪಾಗಿ ನಿಂತಿತ್ತು. ಹೆಣ್ಣಿನ ಕೆನ್ನೆಯ ಮೇಲೆ ಮಂಜು ಕೂತ ಹಾಗೆ ಮಾಸಲು ಬಿಳಿ, ಸುತ್ತ ಕಪ್ಪು ನೀರಿನಂಥ ಬಯಲು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿದಳು. ಗೆರೆಗಳು ಎದ್ದು ನಿಂತಿದ್ದವು. ಕೊರೆದದ್ದಲ್ಲ, ಚರ್ಮದಡಿಯಿಂದ ನರ ಉಬ್ಬಿದ ಹಾಗೆ. ನಾಣ್ಯವನ್ನು ಕಾಲು ಸುತ್ತು ತಿರುಗಿಸಿದಳು, ಅರ್ಧ ಸುತ್ತು ತಿರುಗಿಸಿದಳು, ಉಬ್ಬೇ. ಪ್ರತಿಯೊಂದೂ ಅಕ್ಷರದ ಬುಡಕ್ಕೆ ಬಂದು ಒಳಗೆ ನುಸುಳಿ ಹೋಗುತ್ತಿತ್ತು. ಕನ್ನಡಿಯಿಂದ ಕಣ್ಣು ತೆಗೆಯದೆಯೇ, ಕೈ ಚಾಚಿ, ದೀಪದ ಕತ್ತನ್ನು ಹಿಡಿದು ಬಲಕ್ಕೆ ತಂದಳು. ಗೆರೆಗಳೆಲ್ಲ ಒಮ್ಮೆಗೇ ಕುಸಿದು ತಗ್ಗಾದವು. ಎಡಕ್ಕೆ ತಂದಳು, ಎದ್ದವು. ಬಲಕ್ಕೆ, ಕುಸಿದವು. ದೀಪವನ್ನು ಸರಿಸುತ್ತಿರುವುದು ತನ್ನದೇ ಕೈ ಎಂದು ಅವಳಿಗೆ ಗೊತ್ತಿತ್ತು, ಕಣ್ಣಿಗೆ ಮಾತ್ರ ಗೊತ್ತಿರಲಿಲ್ಲ. ಬೆಳಕು ಬರುವುದು ಎಡದಿಂದಲೇ ಎಂದು ಯಾರ ಕಣ್ಣಾದರೂ ನಂಬಿಬಿಟ್ಟಿರುತ್ತದೆ. ಬಲದಿಂದ ಬಂದರೂ ಎಡದ್ದೆಂದೇ ತಿಳಿದು, ಉಬ್ಬನ್ನು ತಗ್ಗೆಂದು ಓದುತ್ತದೆ.

ಇದು ಅವಳಿಗೆ ಇವತ್ತು ಗೊತ್ತಾದ ಸಂಗತಿಯಲ್ಲ. ಎಡಗೈಯಲ್ಲಿ ಬರೆಯುವಾಗ ದೀಪ ಎಡಕ್ಕಿದ್ದರೆ ಕೈಯ ನೆರಳು ಕಾಗದದ ಮೇಲೆ ಬೀಳುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಚೀಟಿ ಬರೆಯುವಾಗ ದೀಪವನ್ನು ಬಲಕ್ಕೆ ಸರಿಸುತ್ತಿದ್ದಳು, ಮುಂದಿನ ನಾಣ್ಯ ನೋಡುವ ಮೊದಲು ಎಡಕ್ಕೆ ತರುವುದನ್ನು ಎಷ್ಟೋ ಸಲ ಮರೆಯುತ್ತಿದ್ದಳು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಾಗೆ ಮರೆತದ್ದು ಅವಳಿಗೇ ತಿಳಿದುಬಂದಿತ್ತು. ದಾಖಲೆ ಪುಸ್ತಕ ತೆಗೆದು, ಉಜ್ಜಲಾಗಿದೆ ಎಂದು ತಾನು ಬರೆದ ಚೀಟಿಗಳನ್ನು ಎಣಿಸಿದ್ದಳು. ನಲವತ್ತೊಂದು. ಅದರಲ್ಲಿ ಯಾವುದಕ್ಕೆ ದೀಪ ಎಡಕ್ಕಿತ್ತು, ಯಾವುದಕ್ಕೆ ಬಲಕ್ಕಿತ್ತು? ಹೇಳುವವರು ಯಾರೂ ಇರಲಿಲ್ಲ. ಪುಸ್ತಕ ಮುಚ್ಚಿಟ್ಟಿದ್ದಳು. ಆವತ್ತಿನಿಂದ ಒಂದು ಸಲವೂ ದೀಪ ತಪ್ಪಿಲ್ಲ. ನಾಣ್ಯ ಎತ್ತುವ ಮೊದಲು ದೀಪದ ಕತ್ತನ್ನು ಎರಡು ಬಾರಿ ಮುಟ್ಟಿ ನೋಡುವ ಅಭ್ಯಾಸ ಬಂತು. ಅದನ್ನು ಕಂಡು ತಕ್ಕಡಿಯವರು ಮೇಲಿನವರಿಗೆ, "ಅವಳ ಶಿಸ್ತು ನೋಡ್ಬೇಕು ನೀವು" ಎಂದು ಹೇಳಿದ್ದರು. ಚೀಟಿ ಎಣಿಸಿದ ದಿನ ಅವಳು ಡೈರಿಯಲ್ಲಿ ಬರೆದದ್ದು 'ತಲೆನೋವು' ಎಂದು ಮಾತ್ರ.

"ಏನಮ್ಮಾ, ಮುಖ ಯಾಕೆ ಬಿಳಿಚಿಕೊಂಡಿದೆ?" ತಕ್ಕಡಿಯವರು ಎರಡು ಲೋಟ ಚಹಾ ಹಿಡಿದುಕೊಂಡು ಬಂದಿದ್ದರು. ಅವಳು ಎದ್ದು ಜಾಗ ಬಿಟ್ಟಳು. ಅವರು ಕೂತು, ದೀಪ ನೋಡಿ, ನಾಣ್ಯ ಎತ್ತಿ, ಬಹಳ ಹೊತ್ತು ನೋಡಿದರು. ಒಳ್ಳೆಯ ನಾಣ್ಯ ಸಿಕ್ಕರೆ ಅವರು ಹಲ್ಲಿನ ನಡುವೆ ಗಾಳಿ ಎಳೆದುಕೊಳ್ಳುತ್ತಾರೆ. ಈಗಲೂ ಎಳೆದುಕೊಂಡರು. "ಪ್ರೂಫ್. ಎಂಥಾ ಕೆಲಸ ಮಾಡಿದಾನೆ ನೋಡು ಮಹರಾಯ! ಎಲ್ಲಿಂದ ಬಂತು?"

ಅವಳು ಚೀಟಿಯನ್ನು ಅವರ ಮುಂದೆ ಸರಿಸಿದಳು.

ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು. "ಎರಡನೇ ಸಹಿ ನಂದು."

"ಹೂಂ ಸಾರ್."

"ಅವತ್ತು ನಾನು ನೋಡಿದ್ನಾ ಇದನ್ನ?"

"ಫೋನಲ್ಲಿ ಮಾತಾಡ್ತಾ ಸಹಿ ಹಾಕಿದ್ರಿ. ನೀನು ನೋಡಿದೀಯಲ್ಲ ಸಾಕು ಅಂದ್ರಿ."

ಹೊರಗೆ ಯಾರೋ ಲಿಫ್ಟಿನ ಬಾಗಿಲನ್ನು ಎಳೆದು ಹಾಕಿದರು. ತಕ್ಕಡಿಯವರು ಲೋಟವನ್ನು ಎತ್ತಿ, ಕುಡಿಯದೆ, ಅದು ಇದ್ದಲ್ಲಿಗೇ ಸರಿಯಾಗಿ ಇಟ್ಟರು. "ಒಂದು ಕೆಲಸ ಮಾಡು. ಹಳೇ ಚೀಟಿ ಇಸ್ಕೊಂಡು ಹೊಸ ಚೀಟಿ ಕೊಟ್ಬಿಡು. ಪ್ರೂಫ್ ಅಂತ. ಅವರಿಗೂ ಖುಷಿಯಾಗುತ್ತೆ. ಆಗಿನ ಉಪಕರಣ ಬೇರೆ, ಈಗಿಂದು ಬೇರೆ ಅಂತ ಹೇಳು, ಯಾರು ಕೇಳ್ತಾರೆ?"

"ಇದೇ ಕನ್ನಡಿ ಸಾರ್, ಆಗ್ಲೂ."

"ಗೊತ್ತಮ್ಮ, ಇದೇ ಕನ್ನಡಿ ಅಂತ. ನಾನೇ ಕೊಂಡಿದ್ದು." ಅವಳ ಕಡೆ ನೋಡದೆ ಕೇಳಿದರು. "ಇದೊಂದೇ ತಾನೇ?"

ಹೌದು ಸಾರ್, ಇದೊಂದೇ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಸಿದ್ಧವಾಗಿ, ಬೆಚ್ಚಗೆ. ಬೆಳಿಗ್ಗೆ ಅಮ್ಮ ಹಾಲು ಸುರಿಯುತ್ತ ಬಗ್ಗಿದ ಬೆನ್ನು ಕಣ್ಣಿಗೆ ಬಂತು. "ನಲವತ್ತೊಂದು" ಅಂದಳು. ತನ್ನ ದನಿ ಇಷ್ಟು ಸಣ್ಣದೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಅವರು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಬಾಗಿಲ ತನಕ ಹೋಗಿ, ಹಿಡಿಯ ಮೇಲೆ ಕೈಯಿಟ್ಟು ನಿಂತರು. ಅವರ ಕೋಟಿನ ಹಿಂಭಾಗ ಕೂತು ಕೂತು ಸವೆದು ಹೊಳೆಯುತ್ತಿತ್ತು. ಅದನ್ನು ಅವಳು ಇವತ್ತೇ ಗಮನಿಸಿದ್ದು. "ನನಗಿನ್ನು ಹದಿನೆಂಟು ದಿನ ಇದೆ. ಆರು ವರ್ಷ ತಡ್ಕೊಂಡವಳಿಗೆ ಹದಿನೆಂಟು ದಿನ ತಡ್ಕೊಳ್ಳೋಕಾಗಲ್ವಾ?" ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಚಹಾದ ಮೇಲೆ ಕೆನೆ ಕಟ್ಟತೊಡಗಿತು.

ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತಿದ್ದಾಕೆಗೆ ಅರವತ್ತೈದು ಇರಬಹುದು. ಕಂದು ಬಣ್ಣದ ಒರಟು ಉಣ್ಣೆಯ ಸ್ವೆಟರು, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ಅವಳನ್ನು ಕಂಡೊಡನೆ ಎದ್ದು ನಿಂತರು, ಡಾಕ್ಟರರ ಮುಂದೆ ನಿಲ್ಲುವ ಹಾಗೆ. "ನೋಡಿ ಆಯ್ತೇನಮ್ಮಾ? ಎಷ್ಟು ಬೆಲೆ ಅಂತ ನನಗೆ ಬೇಡ. ಉಜ್ಜಿದ್ದು ಕಾಣುತ್ತಾ? ಅಷ್ಟು ಹೇಳು ಸಾಕು."

"ನೀವು ಗಡಿಯಾರದವರಿಗೆ..."

"ತಂಗಿ. ಅಣ್ಣ ಹೋಗಿ ಐದು ತಿಂಗಳಾಯ್ತು." ಮತ್ತೆ ಕೂತರು. ಅವಳು ಪಕ್ಕದಲ್ಲಿ, ಬೆಂಚಿನ ತುದಿಯಲ್ಲಿ ಕೂತಳು. ಕೇಳದೆಯೇ ಅವರು ಹೇಳತೊಡಗಿದರು. ಬಹಳ ದಿನ ಒಬ್ಬರೇ ಇದ್ದವರ ಮಾತಿನ ಹಾಗೆ, ಎಲ್ಲಿಂದಲೋ ಹಿಡಿದು. "ಅವನು ಮದುವೆ ಆಗ್ಲಿಲ್ಲ, ನಾನು ಆಗಿ ವಾಪಸ್ ಬಂದೆ. ಇಬ್ರೇ. ಆ ಚೀಟಿ ತಂದ ದಿನ ಅಣ್ಣ ಏನೂ ಅನ್ಲಿಲ್ಲ. ಬೀರುವಿನ ಬೀಗದ ಕೈ ಮೊಳೆಗೆ ನೇತಾಕ್ತಿದ್ದವನು ಜೇಬಲ್ಲಿ ಇಟ್ಕೊಂಡ, ಅಷ್ಟೆ. ಬೆಳ್ಳಿ ಲೋಟ ತಾನೇ ತೊಳೆಯೋಕೆ ಶುರು ಮಾಡ್ದ. ನಾನು ಕೈ ಹಾಕಿದ್ರೆ, 'ಬೇಡ ಬಿಡು' ಅಂತಿದ್ದ. ಒಂದು ವರ್ಷ, ನೋಡು, ಒಂದೇ ಮೇಜಲ್ಲಿ ಊಟ, ಗಡಿಯಾರ ಟಿಕ್ ಟಿಕ್ ಅನ್ನೋದು ಬಿಟ್ರೆ ಬೇರೆ ಮಾತಿಲ್ಲ. ಗಡಿಯಾರಕ್ಕೇನು ನಮ್ಮನೇಲಿ ಬರವೇ? ಹದಿನೇಳಿದ್ವು." ಅವರು ತಾವೇ ಸಣ್ಣಗೆ ನಕ್ಕರು. "ನಾನು ಮುಟ್ಟೇ ಇಲ್ಲ ಕಣೋ ಅಂತ ಎಷ್ಟು ಸಲ ಹೇಳಿದೀನಿ. 'ಅವರು ಕಲಿತವರು, ಸುಳ್ಳು ಬರೀತಾರಾ' ಅಂತಿದ್ದ. ಕೊನೆಗೆ ಒಂದಿನ ನನಗೂ ಸಾಕಾಗಿ, ಹೌದು, ನಾನೇ ಉಜ್ಜಿದೆ ಅಂತ ಒಪ್ಕೊಂಡೆ."

ಅವಳು ಕಾಲ ಹೆಬ್ಬೆರಳನ್ನು ನೋಡುತ್ತ ಕೂತಿದ್ದಳು. "ಉಜ್ಜದೇನೇ?"

"ಅದೇ ನೋಡು ತಮಾಷೆ. ಒಪ್ಕೊಂಡ ಮೇಲೆ ನೆನಪು ಬಂತು." ಆಕೆ ಅವಳ ಕಡೆ ತಿರುಗಿದರು. "ಹೇಗೆ ಉಜ್ಜಿದೆ, ಯಾವುದರಲ್ಲಿ ಉಜ್ಜಿದೆ ಅಂತ ಅಣ್ಣ ಕೇಳ್ದ. ಹಲ್ಲುಪುಡಿ ಹಾಕಿ, ಹಳದಿ ಬಟ್ಟೇಲಿ ಅಂದೆ. ಹೇಳ್ತಾ ಹೇಳ್ತಾ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಭಾನುವಾರ, ರೇಡಿಯೋ ಹಾಕಿತ್ತು, ಅಣ್ಣ ಸ್ನಾನಕ್ಕೆ ಹೋಗಿದ್ದ. ಪುಡಿ ಘಾಟು ಮೂಗಿಗೆ ಬಂದು ಸೀನು ಬಂದಿದ್ದೂ ನೆನಪಾಯ್ತು. ಎಷ್ಟು ಕೆಟ್ಟವಳು ನಾನು, ಒಂದು ವರ್ಷ ಸುಳ್ಳು ಹೇಳಿದ್ನಲ್ಲ ಅಂತ ಅತ್ತೆ. ಅವತ್ತಿನಿಂದ ಅಣ್ಣ ಮಾತಾಡಿದ. ಸಾಯೋ ಮುಂಚೆ ಕೈ ಹಿಡ್ಕೊಂಡು, 'ಹೋಗ್ಲಿ ಬಿಡು, ಬೆಳ್ಳಿ ತಾನೇ, ನಿನಗಿಂತ ಹೆಚ್ಚಾ' ಅಂದ. ಸಮಾಧಾನವಾಗೇ ಹೋದ."

"ಮತ್ತೆ ಈಗ ಯಾಕೆ..."

ಆಕೆ ಚೀಲದೊಳಗೆ ಕೈ ಹಾಕಿ ಅಂಗಡಿಯ ಕಾಗದದ ಒಂದು ಪೊಟ್ಟಣ ತೆಗೆದರು. ದಾರ ಬಿಚ್ಚಿರಲಿಲ್ಲ. ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು, ಅಲ್ಲಿಂದ ಹಳದಿ ಫ್ಲಾನೆಲು ಬಟ್ಟೆ ಇಣುಕುತ್ತಿತ್ತು. "ಮೊನ್ನೆ ಅವನ ಬೀರು ಖಾಲಿ ಮಾಡ್ವಾಗ ಸಿಕ್ತು. ನಮ್ಮನೇಲಿ ಹಳದಿ ಬಟ್ಟೆ ಅಂತ ಇದ್ದಿದ್ದು ಇದೊಂದೇ. ಬಿಚ್ಚೇ ಇಲ್ಲ ನೋಡು. ಹಾಗಾದ್ರೆ ನಾನು ಉಜ್ಜಿದ್ದು ಯಾವುದರಲ್ಲಿ?"

ಹೊರಗಿನವರು ಪರೀಕ್ಷೆಯ ಕೋಣೆಗೆ ಬರಬಾರದು ಎಂದು ಬಾಗಿಲ ಮೇಲೆ ಬರೆದಿದೆ. ಅವಳು ಆ ಬಾಗಿಲನ್ನು ತೆರೆದು ಹಿಡಿದಳು. ಪಕ್ಕದ ತಕ್ಕಡಿಯವರ ಕೋಣೆಯ ಬಾಗಿಲು ಬೆರಳಷ್ಟು ತೆರೆದಿತ್ತು, ಒಳಗೆ ಕುರ್ಚಿ ಕದಲಿದ ಸದ್ದಾಯಿತು. ಆಕೆಯನ್ನು ತನ್ನ ಜಾಗದಲ್ಲಿ ಕೂರಿಸಿ, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಭೂತಗನ್ನಡಿಯನ್ನು ಕಣ್ಣಿಗೆ ಹಿಡಿಯುವುದು ಹೇಗೆಂದು ತೋರಿಸಿದಳು. ಹೇಳಿಕೊಡಬೇಕಾಗಿರಲಿಲ್ಲ, ಗಡಿಯಾರದವರ ಮನೆಯ ಹೆಂಗಸು, ಕನ್ನಡಿ ತಾನಾಗಿ ಹೋಗಿ ಕಣ್ಣಿನ ಗುಳಿಯಲ್ಲಿ ಕೂತಿತು. ಅವಳು ದೀಪವನ್ನು ಬಲಕ್ಕೆ ತಂದು ನಿಲ್ಲಿಸಿದಳು. ಯಾಕೆ ಮೊದಲು ಬಲಕ್ಕೆ ತಂದಳೋ. ತಾನು ಕಂಡದ್ದನ್ನು ಇನ್ನೊಬ್ಬರೂ ಒಂದು ಸಲ ಕಾಣಲಿ, ಹೀಗೆ ಕಂಡಿತ್ತು ನನಗೆ, ಬೇಕೆಂದು ಮಾಡಿದ್ದಲ್ಲ ಎಂದು, ಕೇಳದೆ ಕ್ಷಮೆ ಗಿಟ್ಟಿಸಿಕೊಳ್ಳುವ ಆಸೆಯಿರಬೇಕು.

"ಕಾಣ್ತಿದೆ. ಗೆರೆ ಗೆರೆ. ಅಯ್ಯೋ, ಎಷ್ಟೊಂದು! ಕೆರೆದ ಹಾಗಿದೆ." ಆಕೆಯ ದನಿಯಲ್ಲಿ ನಡುಕವಿತ್ತು, ಆ ನಡುಕದಲ್ಲಿ ಏನೋ ನೆಮ್ಮದಿಯೂ ಇತ್ತು. "ಹಾಗಾದ್ರೆ ನಾನೇ."

"ಕನ್ನಡಿ ತೆಗೀಬೇಡಿ." ಅವಳು ದೀಪವನ್ನು ಎಡಕ್ಕೆ ತಂದಳು.

ತಕ್ಕಡಿಯ ಗಾಜಿನ ಪೆಟ್ಟಿಗೆಯಲ್ಲಿ ಮುಳ್ಳು ಆಕೆಯ ಮೊಣಕೈ ಮೇಜಿಗೆ ತಾಗಿದ್ದಕ್ಕೆ ತೊನೆಯುತ್ತಿತ್ತು. "ಎದ್ದು ಬಂತಲ್ಲ" ಅಂದರು ಕೊನೆಗೆ.

"ಅದೇ ನಿಜ. ಅಚ್ಚಿನಲ್ಲಿ ಬಂದ ಗೆರೆ. ಅದನ್ನ ಯಾರೂ ಉಜ್ಜಿಲ್ಲ. ಯಾವತ್ತೂ ಉಜ್ಜಿಲ್ಲ. ದೀಪ ಆ ಕಡೆ ಇತ್ತು, ಅದಕ್ಕೇ ಹಾಗೆ ಬರೆದದ್ದು."

"ಯಾರು ಬರೆದದ್ದು?"

ನಾನಲ್ಲ. ಅಷ್ಟೂ ವರ್ಷದ ಅಭ್ಯಾಸ ಬಾಯಿಯಲ್ಲಿ ಅಕ್ಷರ ಜೋಡಿಸಿಕೊಳ್ಳುತ್ತಿತ್ತು. "ನಾನೇ" ಅಂದಳು.

ಆಕೆ ಕನ್ನಡಿಯನ್ನು ಕಣ್ಣಿನಿಂದ ತೆಗೆದು ಅವಳನ್ನು ನೋಡಿದರು. ಕಣ್ಣಿನ ಸುತ್ತ ಗುಂಡನೆಯ ಕೆಂಪು ಗುರುತು ಮೂಡಿತ್ತು, ಅಣ್ಣನ ಕಣ್ಣಿಗಿದ್ದಂಥದೇ. "ನೀನಾ? ಅಣ್ಣ ಹೇಳ್ತಿದ್ದ. ಸಣ್ಣ ಹುಡುಗಿ, ಎಡಗೈಯಲ್ಲಿ ಬರೀತಾಳೆ, ಮುಖ ಎತ್ತಿ ನೋಡಲ್ಲ, ಆದ್ರೆ ಬಲು ಚುರುಕು ಅಂತ." ಬೈಗುಳಕ್ಕಾಗಿ ಅವಳು ಕಾದಳು. ಆಕೆಗೆ ಅದರ ಕಡೆ ಗಮನವೇ ಇರಲಿಲ್ಲ. ಹಳದಿ ಬಟ್ಟೆಯ ಪೊಟ್ಟಣವನ್ನು ಮುಟ್ಟಿ ನೋಡಿದರು, ನಾಣ್ಯವನ್ನು ನೋಡಿದರು. "ಹಾಗಾದ್ರೆ ಅಣ್ಣ ಕ್ಷಮಿಸಿದ್ದು ಏನನ್ನ?"

ಅವಳು ಕಂಪನಿಯಿಂದ ಪತ್ರ ಬರೆಸಿಕೊಡುತ್ತೇನೆ, ಸದಸ್ಯರಿಗೆಲ್ಲ ತಿಳಿಸುತ್ತೇವೆ, ಇದು ಬಹಳ ಅಪರೂಪದ ನಾಣ್ಯ ಎಂದೆಲ್ಲ ಏನೇನೋ ಹೇಳಿದಳು. ಹೇಳುತ್ತ ಹೇಳುತ್ತ ಆ ಮಾತುಗಳು ಎಷ್ಟು ಹಗುರವೆಂದು ತಿಳಿದು ನಿಲ್ಲಿಸಿದಳು.

"ಕೈ ಹಿಡ್ಕೊಂಡು ಅಂದ ಕಣಮ್ಮ, ಹೋಗ್ಲಿ ಬಿಡು ಅಂತ. ಅಷ್ಟು ದೊಡ್ಡ ಮನಸ್ಸು ಮಾಡಿ ಅಂದ. ಆರು ವರ್ಷದಲ್ಲಿ ಅವನು ನನಗೆ ಕೊಟ್ಟಿದ್ದು ಅದೊಂದೇ. ಅದೂ ಲೆಕ್ಕಕ್ಕಿಲ್ಲ ಅಂತೀಯಾ?"

ಆಮೇಲೆ ಆದದ್ದು ಬಹಳ ನಿಧಾನವಾಗಿ ಆಯಿತು. ಆಕೆ ನಾಣ್ಯವನ್ನು ಎತ್ತಿಕೊಂಡರು; ಅಂಚಿನಲ್ಲಲ್ಲ, ಅಂಗೈಯಲ್ಲಿ, ಮನೆಯ ಸಾಮಾನು ಎತ್ತಿಕೊಳ್ಳುವ ಹಾಗೆ. ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡರು. ಅವಳ ಕೈ ತಾನಾಗಿ ಮುಂದೆ ಹೋಯಿತು. ನೂರೈವತ್ತು ವರ್ಷ ಯಾರ ಬೆರಳೂ ಮುಟ್ಟದ ಬಯಲು, ಅದರ ಮೇಲೆ ಒರಟು ಉಣ್ಣೆ. ಯಾವ ಪರೀಕ್ಷಕನ ಕೈಯೂ ಸುಮ್ಮನಿರಲಾರದು. ಹಿಡಿಯಬಹುದಿತ್ತು, ಒಂದು ಗೇಣು ದೂರ. ಆಕೆ ತಲೆಯೆತ್ತಿ ಅವಳ ಕೈಯನ್ನು ನೋಡಿದರು, ಅಷ್ಟೆ. ಆ ಕೈ ಇದೇ ಮೇಜಿನ ಮೇಲೆ ಒಂದು ಸಲ ಉಜ್ಜಲಾಗಿದೆ ಎಂದು ಬರೆದಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ತಂಗಿ ಹೆಬ್ಬೆರಳನ್ನು ಉಣ್ಣೆಯ ಮೇಲಿಂದ ಒತ್ತಿ, ಹೆಣ್ಣಿನ ತಲೆಯ ಮುಂದಿನ ಕಪ್ಪು ಬಯಲಿನಿಂದ ಕೆನ್ನೆಯ ಮೇಲೆ ಹಾಯಿಸಿ ಜಡೆಯ ತನಕ, ಮತ್ತೆ ಹಿಂದಕ್ಕೆ, ಪಾತ್ರೆಯ ತಳ ಉಜ್ಜುವಷ್ಟು ಬಲ ಹಾಕಿ, ಉಜ್ಜಿದರು. ಸಣ್ಣ ಸದ್ದು ಬರುತ್ತಿತ್ತು. ಹಣೆಯ ಮೇಲೆ ಬೆವರೊಡೆಯಿತು. ಸಾಕೆನಿಸಿದ ಮೇಲೆ ನಾಣ್ಯವನ್ನು ಕಪ್ಪು ಹಾಸಿನ ಮೇಲಿಟ್ಟು, ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಸರಿಯಾಗಿ ಎಳೆದುಕೊಂಡರು.

"ಈಗ ಬರಿ" ಅಂದರು. "ಉಜ್ಜಿದೆ ಅಂತ ಬರಿ. ನಾನೇ ಅಂತ ಬರಿ."

ಅವಳು ದೀಪವನ್ನು ಎರಡು ಸಲ ಮುಟ್ಟಿ ನೋಡಿ, ಕನ್ನಡಿಯನ್ನು ಕಣ್ಣಿಗೆ ಹಿಡಿದಳು. ಉಬ್ಬು ಗೆರೆಗಳು ಹಾಗೇ ಇದ್ದವು. ಅವುಗಳನ್ನು ಅಡ್ಡಕ್ಕೆ ದಾಟಿಕೊಂಡು, ಅಕ್ಷರದ ಮೇಲೂ ಕೆನ್ನೆಯ ಮೇಲೂ ಹತ್ತಿ ಇಳಿದು, ತಗ್ಗು ಗೆರೆಗಳು ಹೊಸದಾಗಿ ಮಿನುಗುತ್ತಿದ್ದವು. ಎರಡೂ ಸ್ಪಷ್ಟ. ಒಂದನ್ನು ಇನ್ನೊಂದೆಂದು ತಿಳಿಯುವುದು ಇನ್ನು ಯಾರಿಗೂ ಸಾಧ್ಯವಿರಲಿಲ್ಲ. ಬೆಳಿಗ್ಗೆಯಿಂದ ಅಮ್ಮ ಏನು ಮಾಡು‍ತ್ತಿರಬಹುದು? ಈ ಹೊತ್ತಿಗೆ ಬಾಟಲಿ ತೆಗೆದದ್ದು, ಬಾಗಿಲನ್ನು ಮೊಣಕೈಯಿಂದ ತಳ್ಳಿದ್ದು ಎಲ್ಲ ತಾನೇ ಮಾಡಿದ್ದೆಂದು ಅಮ್ಮನಿಗೂ ನೆನಪಿಗೆ ಬಂದಿರಬಹುದೇ?

ಮೇಜಿನ ಖಾನೆಯಲ್ಲಿ ಕೆಂಪು ಶಾಯಿಯ ಪೆನ್ನು ಇತ್ತು. ಆರು ವರ್ಷದಲ್ಲಿ ಮುಚ್ಚಳ ತೆಗೆಯದೆ ಒಣಗಿತ್ತು, ಬಾಯಿಯ ಹತ್ತಿರ ತಂದು ಉಸಿರು ಊದಿ, ಅಂಗೈಯಲ್ಲಿ ಉಜ್ಜಿ ಎಬ್ಬಿಸಿದಳು. ಹಳೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದಳು. ತಕ್ಕಡಿಯವರ ಗುಂಡನೆಯ ಸಹಿಯ ಮೇಲೂ ಅದು ಹಾದುಹೋಗಬೇಕಾಗಿತ್ತು, ಹೋಯಿತು. ಪಕ್ಕದ ಕೋಣೆಯ ಬೆರಳಷ್ಟು ತೆರೆದ ಬಾಗಿಲಿನಿಂದ ಯಾವ ಸದ್ದೂ ಬರಲಿಲ್ಲ. 'ಪ್ರೂಫ್' ಎಂದು ಬರೆದು, ಉಜ್ಜಿದ್ದನ್ನು ಬರೆಯಬೇಕಾದ ಮುಂದಿನ ಸಾಲಿಗೆ ಬಂದಾಗ ಕೈಯ ನೆರಳು ಕಾಗದದ ಮೇಲೆ ಬಿದ್ದು, ಬರೆದ ಅಕ್ಷರ ಅವಳಿಗೇ ಕಾಣದಾಯಿತು. ನಲವತ್ತು ಚೀಟಿಗಳು ಇನ್ನೂ ಉಳಿದಿದ್ದವು.

"ಎಡಚಿ ನೀನು, ನೆರಳು ಬೀಳ್ತಿದೆ ನೋಡು" ಎಂದು ಆಕೆ ಕೈ ಚಾಚಿ, ದೀಪದ ಕತ್ತನ್ನು ಹಿಡಿದು, ಅವಳಿಗೆ ಅನುಕೂಲವಾಗಲೆಂದು ಬಲಕ್ಕೆ ತಿರುಗಿಸಿದರು.